ತಲೆ ಎಣಿಸುವವನು

ಪರವೂರಿಗೆ, ಅದರಲ್ಲೂ ಪರದೇಶಕ್ಕೆ ಹೋದ ಹುಡುಗನನ್ನು ಹೊಸದಾಗಿ ಪರಿಚಯ ಆದವರು ‘ಬಾರಪ್ಪ, ಇವತ್ತು ರಾತ್ರಿ ಕೂತು ಕುಡಿಯೋಣ’ ಅಂತ ಕರೆದರೆ ಅವನು ಹೋಗಬೇಕೋ ಬೇಡವೋ? ಹೋದರೆ ಎಷ್ಟು ಹೊತ್ತು ಕೂರಬೇಕು? ಅಲ್ಲಿ ಹುಟ್ಟಿದ ಸ್ನೇಹವನ್ನು ಸ್ನೇಹ ಅಂತ ನಂಬಬಹುದೋ, ಇಲ್ಲ ಅದು ಬೆಳಗಾಗುವುದರೊಳಗೆ ಇಳಿದುಹೋಗುವ ಅಮಲೋ?

ಸಿಂಗಪುರಕ್ಕೆ ಕೂಲಿಗೆ ಹೊರಟಿರುವ ನಮ್ಮೂರ ಹುಡುಗನೊಬ್ಬ ಈ ಪ್ರಶ್ನೆಯನ್ನು ವಾಚನಾಲಯದ ಜಗಲಿ ಮೇಲೆ ನನ್ನನ್ನು ಕೇಳಿದ. ‘ತಾತ, ನೀವು ಹಾಡೋಕೆ ಅಂತ ಅಲ್ಲಿಗೆ ಹೋಗಿ ಬಂದವರು, ಹೇಳಿ’ ಅಂದ. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿದ್ದವರಲ್ಲಿ ಎರಡು ಪಕ್ಷ ಆಗಿಹೋಯಿತು. ‘ಹೆಂಡದ ಕಡೆ ತಲೆ ಹಾಕಬೇಡ, ಹೋದ ಕೆಲಸ ನೋಡು’ ಅಂತ ಒಂದು ಪಕ್ಷ. ‘ಗೊತ್ತಿಲ್ಲದ ದೇಶ, ನಾಲ್ಕು ಜನ ಬೇಕು, ಕರೆದಾಗ ಹೋಗದಿದ್ದರೆ ಒಂಟಿ ಆಗ್ತೀಯ’ ಅಂತ ಇನ್ನೊಂದು ಪಕ್ಷ. ನಾನು ಏಳನೇ ಕ್ಲಾಸು ಓದಿದವನು. ಹೊಲದಲ್ಲಿ ರಾಗಿ, ಕಡಲೆಕಾಯಿ ಬೆಳೆಯುತ್ತೇನೆ, ರಾತ್ರಿ ಪದ ಹಾಡುತ್ತೇನೆ. ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಬರೆದುಕೊಡಿ ಅಂದಾಗ, ಅವತ್ತು ಜಗಲಿ ಮೇಲೆ ಪೂರಾ ಹೇಳಲಾಗದ ಮಾತನ್ನೇ ಬರೆಯೋಣ ಅನ್ನಿಸಿತು.

ಎರಡೂ ಪಕ್ಷದ ಮಾತಲ್ಲಿ ಅರ್ಧರ್ಧ ನಿಜ ಇದೆ. ಹೆಂಡ ಎಷ್ಟು ಮನೆ ಹಾಳು ಮಾಡಿದೆ ಅನ್ನೋದನ್ನ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೇ, ಭಾಷೆ ಗೊತ್ತಿಲ್ಲದ ಊರಲ್ಲಿ ಭಾನುವಾರ ಸಾಯಂಕಾಲ ಒಬ್ಬನೇ ಕೂತ ಮನುಷ್ಯನ ಮನಸ್ಸು ಏನಾಗುತ್ತೆ ಅನ್ನೋದು, ದಿನಾ ಹೆಂಡತಿ ಮಕ್ಕಳ ಜೊತೆ ಮುದ್ದೆ ಉಣ್ಣುವವರಿಗೆ ತಿಳಿಯೋದಿಲ್ಲ. ಒಂಟಿತನವೂ ಮನುಷ್ಯನನ್ನು ತಿನ್ನುತ್ತೆ. ಆದ್ದರಿಂದ ‘ಹೋಗು’ ಅನ್ನುವ ಒಂದು ಮಾತಾಗಲಿ ‘ಹೋಗಬೇಡ’ ಅನ್ನುವ ಒಂದು ಮಾತಾಗಲಿ ಆ ಹುಡುಗನಿಗೆ ಸಾಲದು. ಕೂಟದಲ್ಲಿ ಯಾವುದು ಸ್ನೇಹ, ಯಾವುದು ಬರೀ ಹೆಂಡ ಅಂತ ಗುರುತು ಹಿಡಿಯುವ ಕಣ್ಣು ಬೇಕು.

ಈ ವಿಚಾರ ನಮ್ಮ ನೆಲಕ್ಕೆ ಹೊಸದೇನಲ್ಲ. ಧರ್ಮಪುರಿಯ ಹಳೇ ಹೆಸರು ತಗಡೂರು. ಅಲ್ಲಿ ಅದಿಯಮಾನ್ ನೆಡುಮಾನ್ ಅಂಜಿ ಅನ್ನುವ ದೊರೆ ಆಳಿದ. ಊರೂರು ತಿರುಗಿ ಹಾಡುತ್ತಿದ್ದ ಔವೈಯಾರ್ ಅವನ ಬಾಗಿಲಿಗೆ ಬಂದಳು. ಅವಳಿಗೆ ಅದು ಪರವೂರು, ಅವನು ಹೊಸಬ. ಅವರಿಬ್ಬರಲ್ಲಿ ಬೆಳೆದ ಸ್ನೇಹವನ್ನು ತಮಿಳರು ಇವತ್ತಿಗೂ ಹೇಳುತ್ತಾರೆ. ಸಿಗಲಾರದ ನೆಲ್ಲಿಕಾಯಿ ಒಂದು ದೊರೆ ಕೈಗೆ ಬಂತಂತೆ, ತಿಂದವರಿಗೆ ಬಹಳ ಆಯುಸ್ಸು. ಅವನು ತಾನು ತಿನ್ನದೆ ಅದನ್ನು ಔವೈಗೆ ಕೊಟ್ಟನಂತೆ. ಈ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಶಾಲೆಯಲ್ಲಿ ಅಷ್ಟಾಗಿ ಹೇಳದ ಒಂದು ಸಂಗತಿ ಪುರನಾನೂರಿನಲ್ಲಿದೆ. ಅದಿಯಮಾನ್ ಸತ್ತ ಮೇಲೆ ಔವೈ ಅತ್ತು ಹಾಡಿದ ಹಾಡಲ್ಲಿ ಮೊದಲು ನೆನೆಯೋದು ಅವನ ಯುದ್ಧವನ್ನಲ್ಲ, ಅವನ ಜೊತೆ ಹಂಚಿಕೊಂಡ ಕಳ್ಳನ್ನು. ಇದ್ದದ್ದು ಕಮ್ಮಿ ಆದಾಗ ತನ್ನ ಪಾಲು ಬಿಟ್ಟು ಬಂದವರಿಗೆ ಕೊಡುತ್ತಿದ್ದನಂತೆ. ಧಾರಾಳ ಇದ್ದಾಗ ಹಾಡು ಕೇಳುತ್ತಾ ತಾನೂ ಜೊತೆಗೆ ಕೂರುತ್ತಿದ್ದನಂತೆ.

ಇದನ್ನು ಓದಿಸಿ ಕೇಳಿದಾಗ ನನಗೆ ಅನ್ನಿಸಿದ್ದು ಇಷ್ಟು. ಆ ಅಜ್ಜಿ ಕಳ್ಳಿನ ರುಚಿಯ ಬಗ್ಗೆ ಒಂದು ಮಾತೂ ಆಡುತ್ತಿಲ್ಲ. ಕಮ್ಮಿ ಇದ್ದಾಗ ಯಾರಿಗೆ ಮೊದಲು ಕೊಟ್ಟ ಅನ್ನೋದನ್ನ ನೆನೆಯುತ್ತಿದ್ದಾಳೆ. ದೊರೆಗೆ ತನ್ನ ಪಾಲಿಗಿಂತ ಎದುರಿಗೆ ಕೂತವರ ಮೇಲೆ ಕಣ್ಣಿತ್ತು. ನೆಲ್ಲಿಕಾಯಿ ಕೊಟ್ಟ ಕೈ, ಕಳ್ಳು ಕೊಟ್ಟ ಕೈ ಎರಡೂ ಒಂದೇ. ಜೊತೆಯವರ ಆಯುಸ್ಸಿನ ಚಿಂತೆ ಇಲ್ಲದ ಕೈಯಿಂದ ಬರುವ ಲೋಟ ಬೇರೆಯೇ.

ಇನ್ನು ಕಾನೂನಿನ ಮಾತು. ಆಗ ಧರ್ಮಪುರಿ, ಹೊಸೂರು ಎಲ್ಲಾ ಸೇಲಂ ಜಿಲ್ಲೆಗೆ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆ ಆದದ್ದು 1965ರಲ್ಲಿ. ಹೊಸೂರು ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಮದರಾಸಿನ ಪ್ರಧಾನಿ ಆದಾಗ, 1937ರ ಅಕ್ಟೋಬರ್ 1ರಂದು ಇಡೀ ಪ್ರಾಂತ್ಯದಲ್ಲಿ ಮೊದಲು ಪಾನನಿಷೇಧ ತಂದದ್ದು ನಮ್ಮ ಸೇಲಂ ಜಿಲ್ಲೆಗೆ. ಹೆಂಡದಿಂದ ಸರ್ಕಾರಕ್ಕೆ ಬರುತ್ತಿದ್ದ ಹಣ ನಿಂತಿತು, ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಹಳ್ಳಿಗಳ ಕಳ್ಳಂಗಡಿಗಳು ಮುಚ್ಚಿದವು. ಎಷ್ಟೋ ಮನೆಗಳಲ್ಲಿ ಒಲೆ ಚೆನ್ನಾಗಿ ಉರಿಯಿತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು.

ಆದರೆ ಹೊಸೂರು ದಾಟಿದರೆ ಮೈಸೂರು ಮಹಾರಾಜರ ಸಂಸ್ಥಾನ. ಆ ಕಾಲಕ್ಕೆ ಅದೇ ಪರದೇಶ. ನಮ್ಮ ಅಜ್ಜ ಎತ್ತಿನ ಗಾಡಿಯಲ್ಲಿ ಹುಣಸೆಹಣ್ಣು, ಕಡಲೆಕಾಯಿ ಹೇರಿಕೊಂಡು ಆ ಕಡೆ ಹೋಗುತ್ತಿದ್ದ. ಐದಾರು ಗಾಡಿ ಒಟ್ಟಿಗೆ ಹೊರಡೋದು. ಗಡಿ ದಾಟಿದ ಮೇಲೆ ರಾತ್ರಿ ತಂಗುವ ಕಡೆ ಆ ಊರಿನ ಗಾಡಿಯವರು ಸೇರುತ್ತಿದ್ದರು, ಕಳ್ಳು ಬರುತ್ತಿತ್ತು. ಸೇಲಂ ಜಿಲ್ಲೆಯಲ್ಲಿ ಒಣಗಿದ ನಾಲಿಗೆಗಳು, ಕೇಳಬೇಕೆ! ಆದರೆ ಅಜ್ಜನ ಗಾಡಿ ಸಾಲಿನಲ್ಲಿ ಒಂದು ಕಟ್ಟು ಇತ್ತು. ಪ್ರತಿ ರಾತ್ರಿ ಒಬ್ಬನ ಸರದಿ. ಆ ರಾತ್ರಿ ಅವನು ಮುಟ್ಟುವ ಹಾಗಿಲ್ಲ. ಎಲ್ಲರ ಜೊತೆ ಕೂರಬೇಕು, ಹಾಡಬೇಕು, ನಗಬೇಕು, ಆದರೆ ಮಲಗುವ ಮುಂಚೆ ಎತ್ತು ಎಷ್ಟು, ಗಾಡಿ ಎಷ್ಟು, ತಲೆ ಎಷ್ಟು ಅಂತ ಎಣಿಸಬೇಕು. ಒಂದು ತಲೆ ಕಮ್ಮಿ ಇದ್ದರೆ ಪಂಜು ಹಿಡಿದು ಹುಡುಕಿ ತರಬೇಕು. ‘ಕುರಿ ಹಟ್ಟಿಗೆ ಬಂದ ಮೇಲೆ ಎಣಿಸದವನು ಕುರುಬನೇ ಅಲ್ಲ’ ಅಂತ ಅಜ್ಜ ಹೇಳುತ್ತಿದ್ದ.

ಸರ್ಕಾರ ಒಂದು ಕಡೆ ಅಂಗಡಿ ಮುಚ್ಚಿಸಬಹುದು. ಮುಚ್ಚಿಸಿದರೆ ಒಳ್ಳೆಯದೇ. ಆದರೆ ಕಾನೂನಿಗೆ ಒಂದು ಗಡಿ ಇದೆ, ಮನುಷ್ಯನ ಕಾಲಿಗೆ ಇಲ್ಲ. ನಮ್ಮ ಕಾಲದಲ್ಲೇ ಎಷ್ಟು ಸಲ ತೆರೆದು ಎಷ್ಟು ಸಲ ಮುಚ್ಚಿದರು ನೋಡಿ. 1971ರಲ್ಲಿ ತೆರೆದರು, ಕೆಲವೇ ವರ್ಷದಲ್ಲಿ ಮುಚ್ಚಿದರು, 1981ರಲ್ಲಿ ಮತ್ತೆ ತೆರೆದರು, ಆಮೇಲೆ ಕಳ್ಳು ನಿಲ್ಲಿಸಿದರು. 2003ರಿಂದ ಸರ್ಕಾರದ ಟಾಸ್ಮಾಕ್ ಅಂಗಡಿಗಳೇ ಬಾಟಲಿ ಮಾರುತ್ತಿವೆ. ಗಡಿ ಆಚೆ ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಲ್ಲಿಸಿದರು. ಮಾರನೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಹೊಸೂರು ಕಡೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಪರದೇಶಕ್ಕೆ ಹೋಗುವ ಹುಡುಗನಿಗೆ ಅಲ್ಲಿನ ಕಾನೂನು ಹೇಳಿಕೊಟ್ಟರೆ ಮುಗಿಯಲಿಲ್ಲ. ಗಡಿ ದಾಟಿದರೂ ಜೊತೆಗೆ ಬರುವಂಥದ್ದು ಏನೋ ಒಂದು ಅವನ ಒಳಗೇ ಇರಬೇಕು.

ನಾನು ಸಿಂಗಪುರಕ್ಕೆ ಹೋದದ್ದು 2010ರಲ್ಲಿ. ಅಲ್ಲಿನ ಕೆಲವು ಕನ್ನಡದ ಮನೆಯವರು ಹಬ್ಬಕ್ಕೆ ಪದ ಹಾಡಲಿ ಅಂತ ನಮ್ಮ ಮೇಳದ ಐದು ಜನರನ್ನು ಕರೆಸಿದ್ದರು. ಹಾಡು ಮುಗಿದ ಮಾರನೇ ದಿನ ಭಾನುವಾರ. ನಮ್ಮ ಓಮಲೂರು ಕಡೆಯ ಹುಡುಗನೊಬ್ಬ ಅಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅವನು ಬಂದು ‘ಮಾವ, ನಮ್ಮ ಜನ ಸೇರೋ ಜಾಗ ತೋರಿಸ್ತೀನಿ ಬನ್ನಿ’ ಅಂತ ಲಿಟಲ್ ಇಂಡಿಯಾಕ್ಕೆ ಕರೆದುಕೊಂಡು ಹೋದ. ಸೆರಂಗೂನ್ ರಸ್ತೆಯ ವೀರಮಾಕಾಳಿ ಅಮ್ಮನ ಗುಡಿಗೆ ಕೈ ಮುಗಿದು, ರೇಸ್ ಕೋರ್ಸ್ ರಸ್ತೆ ಕಡೆ ಬಂದೆವು. ಅಲ್ಲಿ ಬಯಲಲ್ಲಿ ಹುಲ್ಲಿನ ಮೇಲೆ ಸಂತೆ ನೆರೆದ ಹಾಗೆ ಜನ. ವಾರಕ್ಕೆ ಒಂದೇ ರಜೆ. ಊರಿಗೆ ದುಡ್ಡು ಕಳಿಸುವವರು, ಫೋನಿನಲ್ಲಿ ಮಗುವಿನ ದನಿ ಕೇಳುವವರು, ಅಲ್ಲಲ್ಲಿ ಗುಂಪು ಗುಂಪಾಗಿ ಕೂತು ಡಬ್ಬದ ಬೀರು ಕುಡಿಯುವವರು.

ನಾವು ಕೂತ ಗುಂಪಲ್ಲಿ ತಂಜಾವೂರಿನ ಕಡೆಯವರು ಇಬ್ಬರು, ಆಂಧ್ರದವನು ಒಬ್ಬ, ಬಾಂಗ್ಲಾದೇಶದವನು ಒಬ್ಬ, ನಮ್ಮ ಓಮಲೂರಿನವನು, ನಾನು, ನಮ್ಮ ತಮಟೆಯವನು. ಒಟ್ಟು ಏಳು. ಅರ್ಧ ಗಂಟೆ ಮುಂಚೆ ಯಾರಿಗೆ ಯಾರೂ ಗೊತ್ತಿರಲಿಲ್ಲ. ನನ್ನ ಕೈಗೆ ಒಂದು ಡಬ್ಬ ಕೊಟ್ಟರು, ಕುಡಿದೆ. ಎರಡನೆಯದು ಬೇಡ ಅಂದೆ, ಯಾರೂ ಬಲವಂತ ಮಾಡಲಿಲ್ಲ, ಹುರಿದ ಕಡಲೆಕಾಯಿ ಪೊಟ್ಟಣ ನನ್ನ ಕಡೆ ತಳ್ಳಿದರು. ನಾನು ಬೆಟ್ಟದ ಮಾದಪ್ಪನ ಪದ ಹಾಡಿದೆ. ಬಾಂಗ್ಲಾದವನು ಅವನ ಊರಿನ ದೋಣಿಯವರ ಪದ ಹಾಡಿದ. ಒಂದು ಮಾತೂ ತಿಳಿಯಲಿಲ್ಲ. ಆದರೆ ಹೊಗೇನಕಲ್ಲಿನಲ್ಲಿ ಹರಿಗೋಲು ಹಾಕುವವರು ಸಾಯಂಕಾಲ ಎಳೆದು ಎಳೆದು ಕೂಗುವ ದನಿ ಕೇಳಿದಂಗಾಯಿತು.

ಆ ಗುಂಪಲ್ಲಿ ತಂಜಾವೂರಿನ ಒಬ್ಬ, ಕಂಬಿ ಕಟ್ಟುವ ಕೆಲಸದವನು, ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ಇದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. ರಾತ್ರಿ ಒಂಬತ್ತಾದ ಮೇಲೆ ಅವನು ಎದ್ದ. ಖಾಲಿ ಡಬ್ಬ, ಕಾಗದ ಎಲ್ಲಾ ಒಂದು ಚೀಲಕ್ಕೆ ತುಂಬಿದ. ಒಬ್ಬ ಹುಲ್ಲಿನ ಮೇಲೆ ಮಲಗಿಬಿಟ್ಟಿದ್ದ, ಅವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ಅವನ ಚಪ್ಪಲಿ ತನ್ನ ಕೈಲಿ ಹಿಡಿದುಕೊಂಡ. ಆಮೇಲೆ ಬೆರಳು ತೋರಿಸಿ ಎಣಿಸಿದ, ಒಂದು, ಎರಡು, ಏಳು. ಕೆಲಸಗಾರರ ಬಿಡಾರಕ್ಕೆ ಹೋಗುವ ಬಸ್ಸಿನ ಸಾಲಿನಲ್ಲಿ ಅವರವರನ್ನು ನಿಲ್ಲಿಸಿ, ನಮ್ಮಿಬ್ಬರನ್ನು ನಾವು ಇಳಿದಿದ್ದ ಮನೆಯ ದಾರಿಗೆ ಹತ್ತಿಸಿದ. ನಾನು ‘ಏನಪ್ಪಾ, ನೀನು ಕುಡಿಯೋದೇ ಇಲ್ಲವಾ?’ ಅಂತ ಅವನ ಭಾಷೆಯಲ್ಲೇ ಕೇಳಿದೆ. ‘ಕುಡೀತೀನಿ ಅಯ್ಯಾ, ಈ ವಾರ ನನ್ನ ಸರದಿ’ ಅಂದ.

ನಮ್ಮ ಅಜ್ಜನ ಗಾಡಿ ಸಾಲಿನ ಕಟ್ಟು ಅವನಿಗೆ ಯಾರು ಹೇಳಿದರು? ಯಾರೂ ಹೇಳಿಲ್ಲ. ಊರು ಬಿಟ್ಟು ಹೋದ ಜನ ತಮ್ಮ ತಮ್ಮ ಕಷ್ಟದಿಂದ ತಾವೇ ಅದನ್ನು ಕಂಡುಕೊಂಡಿದ್ದಾರೆ. ಮನೆಯಲ್ಲಾದರೆ ತಾಯಿ ಎಣಿಸುತ್ತಾಳೆ, ಹೆಂಡತಿ ಎಣಿಸುತ್ತಾಳೆ. ಪರದೇಶದಲ್ಲಿ ಆ ಕೆಲಸವನ್ನು ಯಾರಾದರೂ ಎತ್ತಿಕೊಳ್ಳಬೇಕು. ಎತ್ತಿಕೊಂಡವನೇ ಸ್ನೇಹಿತ.

ಆ ಆರು ಜನರಲ್ಲಿ ನಮ್ಮ ಸೀಮೆಯ ಇಬ್ಬರನ್ನು ಬಿಟ್ಟು ಉಳಿದವರನ್ನು ನಾನು ಮತ್ತೆ ನೋಡಿಲ್ಲ. ಹಾಗಾದರೆ ಅದು ಸ್ನೇಹವೇ ಅಂತ ಮೇಷ್ಟರೊಬ್ಬರು ಕೇಳಿದರು. ಹೌದು ಅಂತಲೇ ನನ್ನ ಉತ್ತರ. ಕಾಳು ಕಟ್ಟುವ ಹೊತ್ತಿಗೆ ಬಂದ ಒಂದು ಮಳೆ ಮತ್ತೆ ಬರದಿದ್ದರೂ ರಾಗಿ ಅದನ್ನು ಮರೆಯೋದಿಲ್ಲ. ಎಷ್ಟು ವರ್ಷ ನಡೆಯಿತು ಅನ್ನೋದು ಸ್ನೇಹಕ್ಕೆ ಅಳತೆಯಲ್ಲ. ನನ್ನ ಕಣ್ಣು ಮುಚ್ಚಿದ ಹೊತ್ತಲ್ಲಿ ಅವನ ಕಣ್ಣು ತೆರೆದಿತ್ತೇ ಅನ್ನೋದು ಅಳತೆ.

ಹಾಗಂತ ಹೆಂಡ ಕೊಡುವ ಸಲುಗೆಯನ್ನು ಪೂರಾ ನಂಬಬೇಡಿ. ಆ ಸಲುಗೆ ಮುಂಗಡ ಇದ್ದ ಹಾಗೆ. ಹತ್ತು ವರ್ಷ ಕೂಡಿ ಬಾಳಿದ ಮೇಲೆ ಬರಬೇಕಾದ ‘ಅಣ್ಣ, ತಮ್ಮ, ನಿನಗಾಗಿ ಪ್ರಾಣ ಕೊಡ್ತೀನಿ’ ಅನ್ನುವ ಮಾತು ಎರಡು ಲೋಟಕ್ಕೇ ಬಂದುಬಿಡುತ್ತೆ. ಮುಂಗಡ ತಗೊಂಡವನು ಬೆಳಗ್ಗೆ ಎದ್ದು ದುಡಿದು ತೀರಿಸಿದರೆ ಅದು ನಿಜ ಆಗುತ್ತೆ. ತೀರಿಸದಿದ್ದರೆ ಸುಳ್ಳಾಗುತ್ತೆ. ರಾತ್ರಿ ತಮ್ಮ ಅಂದವನು ಬೆಳಗ್ಗೆ ಜ್ವರದಲ್ಲಿ ಮಲಗಿದರೆ ಗಂಜಿ ಕೊಡುತ್ತೀಯಾ? ಅದಕ್ಕೇ ಕೂಟದ ಹೊತ್ತಲ್ಲಿ ದುಡ್ಡಿನ ಮಾತು, ಸಾಲಕ್ಕೆ ಜಾಮೀನಿನ ಮಾತು, ಮನೆ ಹೆಣ್ಣುಮಕ್ಕಳ ಮಾತು ಯಾವುದೂ ಆಡಬಾರದು. ಅವೆಲ್ಲಾ ಹಗಲಿನ ಮಾತು.

ತಲೆ ಎಣಿಸುವವರು ಇಲ್ಲದ ರಾತ್ರಿ ಏನಾಗುತ್ತೆ ಅನ್ನೋದು ಮೂರು ವರ್ಷದ ಮೇಲೆ ಅದೇ ರಸ್ತೆಯಲ್ಲಿ ಕಾಣಿಸಿತು. 2013ರ ಡಿಸೆಂಬರ್ 8, ಭಾನುವಾರ. ತಮಿಳುನಾಡಿನಿಂದ ಹೋಗಿದ್ದ ಕಟ್ಟಡ ಕೆಲಸಗಾರ, 33 ವರ್ಷದವನು, ಕುಡಿದಿದ್ದ. ಬಿಡಾರದ ಬಸ್ಸು ಹತ್ತಿದ, ಅವನನ್ನು ಇಳಿಸಿದರು. ಹೊರಟ ಬಸ್ಸಿನ ಪಕ್ಕದಲ್ಲೇ ಹೋಗುತ್ತಾ ಎಡವಿ ಚಕ್ರದ ಕೆಳಗೆ ಬಿದ್ದು ಸತ್ತ. ಸುತ್ತ ಇದ್ದ ಜನ ರೇಗಿ ಗಲಭೆ ಎದ್ದಿತು, ಮುನ್ನೂರಕ್ಕೂ ಹೆಚ್ಚು ಜನ. ಆಂಬುಲೆನ್ಸಿಗೂ ಪೊಲೀಸರ ಗಾಡಿಗೂ ಬೆಂಕಿ ಬಿತ್ತು. ಎಷ್ಟೋ ಹುಡುಗರು ಕೆಲಸ ಕಳೆದುಕೊಂಡು ಊರಿಗೆ ವಾಪಸು ಬಂದರು. 2015ರಲ್ಲಿ ಅಲ್ಲಿನ ಸರ್ಕಾರ ಹೊಸ ಕಾನೂನು ಮಾಡಿತು, ರಾತ್ರಿ ಹತ್ತೂವರೆಯಿಂದ ಬೆಳಗ್ಗೆ ಏಳರವರೆಗೆ ಬೀದಿ, ಬಯಲಲ್ಲಿ ಕುಡಿಯುವ ಹಾಗಿಲ್ಲ, ಲಿಟಲ್ ಇಂಡಿಯಾದಲ್ಲಿ ಇನ್ನೂ ಬಿಗಿ. ಸತ್ತವನ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವನೂ ಒಬ್ಬ ತಾಯಿಯ ಮಗ. ಆ ಬಸ್ಸಿಗೂ ಅವನಿಗೂ ನಡುವೆ ತೋಳು ಹಿಡಿಯುವ ಒಂದು ಕೈ ಬೇಕಾಗಿತ್ತು. ಸತ್ತ ಮೇಲೆ ಮುನ್ನೂರು ಜನ ಬಂದರು. ಸಾಯುವ ಮೊದಲು ಒಬ್ಬ ಸಾಕಾಗಿತ್ತು.

ಈಗ ‘ಬೇಡ’ ಅನ್ನುವವನ ಮಾತು. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟಾಗ ಮುಟ್ಟದಿದ್ದರೆ ಕೊಟ್ಟವರಿಗೆ ಅವಮಾನ. ಕೂಟದಲ್ಲಿ ಲೋಟವನ್ನೂ ಹಾಗೇ ಮುಂದೆ ಮಾಡುತ್ತಾರೆ, ‘ಕುಡಿಯದಿದ್ದರೆ ನಮ್ಮವನಲ್ಲ’ ಅನ್ನುತ್ತಾರೆ. ನೀರಿಗೂ ಹೆಂಡಕ್ಕೂ ಒಂದೇ ನ್ಯಾಯ ಆಗದು. ಬೇಡ ಅಂದವನಿಗೂ ಜಾಗ ಇರುವ ಕೂಟ ಸ್ನೇಹದ ಕೂಟ. ಬೇಡ ಅಂದವನನ್ನು ಎಬ್ಬಿಸಿ ಕಳಿಸುವ ಕೂಟದಲ್ಲಿ ಹೆಂಡವೇ ಯಜಮಾನ, ಕೂತವರು ಆಳುಗಳು. ಅಲ್ಲಿಂದ ಎದ್ದು ಬಂದರೆ ನಷ್ಟ ಏನೂ ಇಲ್ಲ.

ಬೇಡ ಅನ್ನುವವನಿಗೂ ಒಂದು ಧರ್ಮ ಇದೆ. ಮುಖ ಸಿಂಡರಿಸಬಾರದು, ತಾನು ದೊಡ್ಡವನು ಅಂತ ದೂರ ಕೂರಬಾರದು. ಕೈ ಮುಗಿದು, ಕಡಲೆಕಾಯಿ ತಗೊಂಡು, ಒಂದು ಪದ ಹಾಡಿದರೆ ಆಯಿತು. ಕುಡಿಯದೆ ಕೂತು ಯಾರು ಏನು ಬಡಬಡಿಸಿದರು ಅಂತ ಬೆಳಗ್ಗೆ ಊರಿಗೆಲ್ಲಾ ಹೇಳುವವನು ಕುಡುಕನಿಗಿಂತ ಕೆಟ್ಟವನು. ತಪ್ಪು ಎಣಿಸುವವನು ಬೇರೆ, ತಲೆ ಎಣಿಸುವವನು ಬೇರೆ.

ಇಷ್ಟನ್ನು ನಮ್ಮ ಮನೆಯಾಕೆಗೆ ಓದಿ ಹೇಳಿದೆ. ಅವಳು ಹುಣಸೆಹಣ್ಣು ಕುಟ್ಟುತ್ತಾ ಕೇಳಿ, ‘ಎಲ್ಲಾ ಸರಿ, ನೀವು ಗಂಡಸರು ಏಳು ತಲೆ ಎಣಿಸಿಕೊಂಡ್ರಿ. ಮನೇಲಿ ದೀಪ ಇಟ್ಕೊಂಡು ಕಾಯೋ ತಲೆ ಲೆಕ್ಕಕ್ಕೆ ಬರಲ್ವಾ?’ ಅಂದಳು. ಈ ಮಾತಿಗೆ ಹಾರಿಕೆ ಉತ್ತರ ಕೊಡಲಾಗದು. 2024ರ ಜೂನಿನಲ್ಲಿ ಪಕ್ಕದ ಕಳ್ಳಕುರಿಚಿಯಲ್ಲಿ ವಿಷ ಬೆರೆತ ಸಾರಾಯಿಗೆ 60ಕ್ಕೂ ಹೆಚ್ಚು ಜನ ಹೋದರು. ಎಷ್ಟೋ ಜನರನ್ನು ನಮ್ಮ ಸೇಲಂ ದೊಡ್ಡಾಸ್ಪತ್ರೆಗೆ ತಂದರು. ಆಸ್ಪತ್ರೆ ಬಾಗಿಲಲ್ಲಿ ಕೂತು ಎದೆ ಬಡಿದುಕೊಂಡವರು ಹೆಂಡತಿಯರು, ತಾಯಂದಿರು, ಮಕ್ಕಳು. ಅವರು ಯಾವ ಕೂಟಕ್ಕೂ ಹೋದವರಲ್ಲ.

ಅದಕ್ಕೇ ಅವಳ ಮಾತನ್ನೂ ಸೇರಿಸಿ ಬರೆಯುತ್ತಿದ್ದೇನೆ. ನನ್ನದಲ್ಲದ್ದನ್ನು ನಾನು ಹಂಚುವ ಹಾಗಿಲ್ಲ. ಊರಿಗೆ ಕಳಿಸಬೇಕಾದ ದುಡ್ಡು ನನ್ನದಲ್ಲ, ಮಕ್ಕಳ ಫೀಸು, ಅಮ್ಮನ ಔಷಧಿ, ಬ್ಯಾಂಕಿನ ಕಂತು. ಅದರಲ್ಲಿ ಸ್ನೇಹಿತರಿಗೆ ಬೀರು ಕೊಡಿಸಿದವನು ಅದಿಯಮಾನ್ ಆಗೋದಿಲ್ಲ. ಅದಿಯಮಾನ್ ಬಿಟ್ಟುಕೊಟ್ಟದ್ದು ತನ್ನ ಪಾಲು. ಇನ್ನೊಬ್ಬರ ಪಾಲು ಕೊಟ್ಟು ದಾನಿ ಅನ್ನಿಸಿಕೊಳ್ಳೋದು ಸುಲಭ. ಹಾಗೆಯೇ ಕೈಕಾಲು ನಡುಗುವಷ್ಟು ಹೆಂಡಕ್ಕೆ ಸಿಕ್ಕಿಬಿದ್ದವನಿಗೆ ಈ ಸರದಿಯ ಲೆಕ್ಕ ನಡೆಯದು. ಅವನಿಗೆ ಕೂಟವೇ ಬೇಡ, ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವನೇ ಅವನ ಸ್ನೇಹಿತ.

ಮೇಷ್ಟರುಗಳು ‘ಹುಡುಗರಿಗೆ ಕುಡಿಯಿರಿ ಅಂತ ಬರೆದುಬಿಟ್ಟಿರಾ’ ಅಂತ ಕೇಳಬಹುದು. ಇಲ್ಲ ಸ್ವಾಮಿ. ಕುಡಿಯದೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ನೂರು ಸಲ ಹೇಳುತ್ತೇನೆ. ಆದರೆ ಊರಲ್ಲಿ ನಾವು ‘ಬೇಡ’ ಅಂದ ಮಾತು ಒಂದೇ ರಾತ್ರಿಯ ಒಂಟಿತನಕ್ಕೆ ಕರಗಿಹೋಗುತ್ತೆ. ಕರಗಿದ ಮೇಲೆ ಆ ಹುಡುಗನ ಕೈಯಲ್ಲಿ ಏನು ಉಳಿಯುತ್ತೆ? ಜೊತೆಯವರನ್ನು ನೋಡಿಕೊಳ್ಳುವ ಗುಣ ಉಳಿದರೆ ಅವನು ತಪ್ಪಿದರೂ ಪೂರಾ ತಪ್ಪೋದಿಲ್ಲ. ಆ ಗುಣವನ್ನು ಶಾಲೆಯಲ್ಲೂ ಕಲಿಸಬಹುದು. ಜಾತ್ರೆಗೆ ಕರೆದುಕೊಂಡು ಹೋದಾಗ ಮಕ್ಕಳ ಕೈಲೇ ಮಕ್ಕಳನ್ನು ಎಣಿಸಿಸಿ. ಅಲ್ಲಿಂದಲೇ ಶುರುವಾಗಲಿ.

ಸಿಂಗಪುರಕ್ಕೆ ಹೊರಟಿರುವ ನಮ್ಮ ಹುಡುಗನಿಗೆ ಕೊನೆಯ ಮಾತು. ಅಪ್ಪಾ, ಅಲ್ಲಿ ನಿನಗೆ ಒಳ್ಳೆಯ ಜನ ಸಿಗುತ್ತಾರೆ, ಹೆದರಬೇಡ. ಬಾಟಲಿ ಬರುವ ಮುಂಚೆ ಒಂದು ಪ್ರಶ್ನೆ ಕೇಳು, ‘ಇವತ್ತು ಎಣಿಸೋರು ಯಾರು?’ ಅಂತ. ಆ ಪ್ರಶ್ನೆ ಕೇಳಿ ಅವರು ನಕ್ಕರೆ ಎದ್ದು ಬಾ. ಯಾರೂ ಕೈ ಎತ್ತದಿದ್ದರೆ ನೀನೇ ಎತ್ತು. ಆ ರಾತ್ರಿ ನಿನ್ನ ಲೋಟದಲ್ಲಿ ನೀರಿರಲಿ.